ಮಧ್ಯಾಹ್ನ ಬಂದ ಬೆಳಗಿನ ಚೀಟಿ

ಲೈನ್‌ಮ್ಯಾನ್ ಕಂಬ ಹತ್ತುವ ಮೊದಲು ಅವನಿಗೊಂದು ಅನುಮತಿ ಸಿಗಬೇಕು. ಈ ಲೈನಿನಲ್ಲಿ ಕರೆಂಟ್ ತೆಗೆದಿದ್ದೇವೆ, ನೀನು ಮುಟ್ಟಬಹುದು ಎನ್ನುವ ಅನುಮತಿ. ನಾನು ಕೆಲಸ ಮಾಡುವ ಸೋಲಾರ್ ಕಂಪನಿಯಲ್ಲಿ ಅದನ್ನು ಬಹಳ ಕಾಲ ಫೋನಿನಲ್ಲೇ ಕೊಡುತ್ತಿದ್ದರು. ಕೊಳ್ಳೇಗಾಲದ ಕಂಟ್ರೋಲ್ ರೂಮಿನ ಆಪರೇಟರ್ ಕೂತಲ್ಲಿಂದಲೇ ಲೈನ್ ಆಫ್ ಮಾಡಿ, ಹನೂರಿನ ಪ್ಲಾಂಟಿಗೋ ಯಳಂದೂರಿನ ಪ್ಲಾಂಟಿಗೋ ಫೋನ್ ಹಚ್ಚಿ ಹೇಳುತ್ತಿದ್ದ. ಅಲ್ಲಿನ ಸೂಪರ್‌ವೈಸರ್ ಅದನ್ನೇ ಗಟ್ಟಿಯಾಗಿ ತಿರುಗಿ ಹೇಳುತ್ತಿದ್ದ. ಕೊನೆಗೆ ಕಂಬ ಹತ್ತುವವನು ತಾನೇ ಫೋನ್ ಇಸಿದುಕೊಂಡು ಒಂದು ಸಲ ಕೇಳಿಸಿಕೊಳ್ಳುತ್ತಿದ್ದ. ಗಾಳಿ ಎದ್ದರೆ ಅಥವಾ ಸಿಗ್ನಲ್ ಕಡಿದರೆ ಮೂವರೂ ಕೂಗಾಡಬೇಕಿತ್ತು.

ಮ್ಯಾನೇಜರ್ ನನ್ನನ್ನು ಕರೆದು, ಈ ಕೂಗಾಟ ಸಾಕು, ಅನುಮತಿ ಕಾಗದದ ಮೇಲೆ ಬರಲಿ ಎಂದರು. "ಕೊಳ್ಳೇಗಾಲದಲ್ಲಿ ಒತ್ತಿದರೆ ಹನೂರಲ್ಲಿ ಚೀಟಿ ಬೀಳಬೇಕು. ಅಷ್ಟೇ ಕೆಲಸ."

ಆ ಅಷ್ಟೇ ಕೆಲಸ ಹೇಗೆ ನಡೆಯಿತು ಎನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಕೆಲಸ ಮಾಡುವ ಬೇರೆಯವರಿಗೆ ಉಪಯೋಗವಾದೀತು. ನನ್ನ ತಲೆಯೊಳಗೆ ಅದು ಇನ್ನೂ ನಡೆಯುತ್ತಲೇ ಇದೆ, ಅದೂ ಒಂದು ಕಾರಣ.

ಕೊಳ್ಳೇಗಾಲದ ಆಫೀಸಿನ ಹಿಂದಿನ ಕೋಣೆಯಲ್ಲಿ ನಮ್ಮ ಯುನಿಕ್ಸ್ ಸರ್ವರ್ ಇದೆ. ಪ್ರತಿ ಪ್ಲಾಂಟಿಗೆ ಒಂದು ಪ್ರಿಂಟರ್, ಆ ಪ್ರಿಂಟರಿಗೆ ನೆಟ್‌ವರ್ಕಿನಲ್ಲಿ ಒಂದು ವಿಳಾಸ, ಆ ವಿಳಾಸಕ್ಕೆ ಸರ್ವರಿನೊಳಗೆ ಒಂದು ಕ್ಯೂ. ಕ್ಯೂ ಎಂದರೆ ಏನು ಎಂದು ಆಪರೇಟರ್ ಕೇಳಿದಾಗ ನಾನು ಕುಂತೂರಿನ ಸಕ್ಕರೆ ಕಾರ್ಖಾನೆಯ ದಾರಿಯನ್ನು ಉದಾಹರಣೆ ಕೊಟ್ಟಿದ್ದೆ. ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ನಿಲ್ಲುತ್ತವೆ. ಗೇಟು ಮುಚ್ಚಿದರೂ ಯಾವ ಟ್ರ್ಯಾಕ್ಟರೂ ಮನೆಗೆ ಹೋಗುವುದಿಲ್ಲ. ತೆರೆದಾಗ ಮೊದಲು ಬಂದದ್ದು ಮೊದಲು ಒಳಗೆ. ಪ್ರಿಂಟರ್ ಕೆಟ್ಟರೂ ಹಾಗೆಯೇ, ನೀವು ಕಳಿಸಿದ್ದು ಎಲ್ಲೂ ಕಳೆದುಹೋಗುವುದಿಲ್ಲ ಎಂದು ಹೇಳಿದ್ದೆ. ಅದನ್ನು ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯೇ ಇತ್ತು.

ಯಳಂದೂರಿನಲ್ಲಿ ಮೊದಲ ತೊಡಕು ಬಂತು. ಯುನಿಕ್ಸ್ ಒಂದು ಸಾಲು ಮುಗಿದಾಗ ಕೆಳಗಿಳಿ ಎಂದಷ್ಟೇ ಹೇಳುತ್ತದೆ, ಎಡಕ್ಕೆ ಹಿಂತಿರುಗು ಎಂದು ಹೇಳುವುದಿಲ್ಲ. ಅಲ್ಲಿನ ಪ್ರಿಂಟರಿಗೆ ಎರಡನ್ನೂ ಹೇಳಬೇಕಿತ್ತು. ಹಾಗಾಗಿ ಪ್ರತಿ ಸಾಲೂ ಹಿಂದಿನ ಸಾಲು ಮುಗಿದ ಕಡೆಯಿಂದ ಶುರುವಾಗಿ, ಅಕ್ಷರಗಳು ಓರೆಯಾಗಿ ಇಳಿದು ಕಾಗದದ ಆಚೆ ಹೋಗಿಬಿಟ್ಟವು.

ಅಲ್ಲಿನ ಸೂಪರ್‌ವೈಸರ್ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ. "ಬೆಟ್ಟದ ಮೆಟ್ಲು ಇಳ್ದಂಗೆ ಇಳ್ದದಲ್ಲ ಮೇಡಂ. ಬಿಳಿಗಿರಿ ರಂಗ ನಮ್ಮ ಪ್ರಿಂಟ್ರೊಳಕ್ಕೇ ಬಂದವ್ನಾ?"

ಅದನ್ನು ಸರಿಪಡಿಸಿದರೆ ಕನ್ನಡ ಅಕ್ಷರಗಳೆಲ್ಲ ಖಾಲಿ ಚೌಕಗಳಾಗಿ ಬಂದವು. ಚೀಟಿ ಕನ್ನಡದಲ್ಲೇ ಇರಬೇಕು ಎಂದು ಹಟ ಹಿಡಿದವಳು ನಾನೇ. ಕಂಬದ ಕೆಳಗೆ ನಿಂತು ಓದುವವನಿಗೆ ಅದು ಓದಲು ಬರಬೇಕಲ್ಲ. ಕೊನೆಗೆ ಸರ್ವರಿನಲ್ಲೇ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಬಂದ ಮಾಹಿತಿಯನ್ನು ಅದು ಚಿತ್ರದಂತೆ ಪುಟ ಮಾಡಿ ಪ್ರಿಂಟರಿಗೆ ಕಳಿಸುತ್ತಿತ್ತು. ಲೈನಿನ ಹೆಸರು, ತಂಡದ ಹೆಸರು, ಕೆಳಗೆ ದಪ್ಪ ಅಕ್ಷರದಲ್ಲಿ 'ಲೈನ್ ಆಫ್ ಆಗಿದೆ. ಕೆಲಸ ಶುರು ಮಾಡಬಹುದು.' ತಲೆಯ ಮೇಲೆ ದಿನಾಂಕ, ಗಂಟೆ.

ಯಾವ ಗಂಟೆ ಎನ್ನುವ ಪ್ರಶ್ನೆ ಬಂದಾಗ ಮ್ಯಾನೇಜರ್, "ಚೀಟಿ ಕೈಗೆ ಬಂದ ಹೊತ್ತು ಇರಲಿ. ತಡವಾಗಿ ಬಂತು ಅಂತ ಯಾರೂ ನೆಪ ಹೇಳಬಾರದು," ಎಂದರು. ನನಗೂ ಸರಿ ಅನ್ನಿಸಿತು. ಚೀಟಿ ಕ್ಯೂವಿನಿಂದ ಹೊರಟು ಪುಟ ತಯಾರಾಗುವ ಕ್ಷಣದ ಗಡಿಯಾರವನ್ನೇ ಸ್ಕ್ರಿಪ್ಟ್ ಓದಿಕೊಳ್ಳುವಂತೆ ಮಾಡಿದೆ. ಆ ಒಂದು ಸಾಲಿನ ಬಗ್ಗೆ ನಾವು ಕಾಫಿ ಕುಡಿಯುವಷ್ಟು ಹೊತ್ತೂ ಯೋಚಿಸಲಿಲ್ಲ.

ಚೀಟಿ ಬರತೊಡಗಿದ ಮೇಲೆ ಹನೂರಿನಲ್ಲಿ ಕೂಗಾಟ ನಿಂತಿತು. ಅಲ್ಲಿನ ಲೈನ್‌ಮ್ಯಾನ್ ರಾಮಾಪುರದ ಕಡೆಯವನು, ನಲವತ್ತು ದಾಟಿದವನು, ಮಾತಿನಲ್ಲಿ ಚುರುಕು. ಮೊದಲ ಚೀಟಿಯನ್ನು ಅವನು ಎರಡು ಕೈಯಲ್ಲಿ ಹಿಡಿದು, "ಇದಪ್ಪಾ ಮಾತು ಅಂದ್ರೆ. ಫೋನಲ್ಲಿ ಏಳುದ್ದು ಗಾಳಿಗೋಯ್ತಿತ್ತು. ಇದು ಜೋಬಲ್ಲಿರ್ತದೆ," ಎಂದಿದ್ದ.

ಆ ಬದಲಾವಣೆಯ ಜೊತೆಗೇ ಇನ್ನೊಂದು ಬದಲಾವಣೆ ಆಗಿತ್ತು. ಅದು ನಮಗ್ಯಾರಿಗೂ ಗೊತ್ತಾಗಿರಲಿಲ್ಲ. ತಂತಿಯ ಹತ್ತಿರ ಹಿಡಿದರೆ, ಕರೆಂಟ್ ಇದ್ದಲ್ಲಿ ಕೀಂಗುಟ್ಟುವ ಉದ್ದನೆಯ ಕಡ್ಡಿಯೊಂದಿದೆ. ಫೋನಿನ ಕಾಲದಲ್ಲಿ ಅವನು ಅದಿಲ್ಲದೆ ಕಂಬದ ಹತ್ತಿರ ಹೋಗುತ್ತಿರಲಿಲ್ಲ. ಚೀಟಿ ಬಂದ ಮೇಲೆ ಅದು ಶೆಡ್ಡಿನ ಮೂಲೆ ಸೇರಿತ್ತು.

ಆ ದಿನ ಬೆಳಗ್ಗೆ ಹನೂರಿನಿಂದ ಫೋನ್ ಬಂತು, ಪ್ರಿಂಟರ್ ಸತ್ತಿದೆ ಎಂದು. ಹಿಂದಿನ ಸಂಜೆ ಸಿಡಿಲಿಗೆ ಅಲ್ಲಿನ ರೂಟರ್ ಸುಟ್ಟುಹೋಗಿ, ಪೇಟೆಯಿಂದ ಯಾರೋ ಬಂದು ಹೊಸದನ್ನು ಹಾಕಿ ಹೋಗಿದ್ದರು. ಹೊಸ ರೂಟರ್ ಪ್ರಿಂಟರಿಗೆ ಹೊಸ ವಿಳಾಸ ಕೊಟ್ಟಿತ್ತು. ನಮ್ಮ ಸರ್ವರ್ ಹಳೆಯ ವಿಳಾಸದ ಬಾಗಿಲು ತಟ್ಟಿ ತಟ್ಟಿ, ಕೊನೆಗೆ ಆ ಕ್ಯೂವನ್ನು ನಿಲ್ಲಿಸಿ ಸುಮ್ಮನಾಗಿತ್ತು. ನಾನು ಲ್ಯಾಪ್‌ಟಾಪ್ ಹಿಡಿದು ಬಸ್ಸು ಹತ್ತಿದೆ. ಮಧುವನಹಳ್ಳಿ ದಾಟುವಾಗ ಆಪರೇಟರ್ ಫೋನ್ ಮಾಡಿ, "ಮೇಡಂ, ನೀವು ನಿಧಾನಕ್ಕೆ ಬನ್ನಿ. ಬೆಳಿಗ್ಗೆ ಒಂದು ಚೀಟಿ ಒತ್ತಿದೆ, ಬೀಳ್ಲಿಲ್ಲ. ಹಳೇ ತರ ಫೋನಲ್ಲೇ ಕೊಟ್ಟು ಕೆಲಸ ಮುಗಿಸಿದ್ವಿ," ಎಂದ. ಒಳ್ಳೆಯದಾಯಿತು ಎಂದೆ.

ಒಳ್ಳೆಯದೇ ಆಗಿತ್ತು. ಬೆಳಗಿನ ಕೆಲಸಕ್ಕೆ ಬಾಯಿಮಾತಿನ ಅನುಮತಿ ಆದ್ದರಿಂದ ಲೈನ್‌ಮ್ಯಾನ್ ಮೂಲೆಯಿಂದ ಆ ಕಡ್ಡಿಯನ್ನು ತೆಗೆದು, ದೂಳು ಒರೆಸಿ, ತಂತಿಗೆ ಹಿಡಿದು ನೋಡಿಯೇ ಹತ್ತಿದ್ದ. ಕೆಲಸ ಮುಗಿಸಿ ಕೋಣೆಗೆ ವಾಪಸು ಬಂದು ಫೋನಿನಲ್ಲಿ ಹೇಳಿದ್ದ. ಆಪರೇಟರ್ ಲೈನಿಗೆ ಮತ್ತೆ ಕರೆಂಟ್ ಕೊಟ್ಟಿದ್ದ. ಆದರೆ ಬೆಳಿಗ್ಗೆ ಒತ್ತಿದ್ದ ಚೀಟಿ ಕ್ಯೂವಿನಲ್ಲೇ ನಿಂತಿತ್ತು. ಅದನ್ನು ರದ್ದು ಮಾಡಬೇಕು ಎಂದು ಅವನಿಗೂ ಹೊಳೆಯಲಿಲ್ಲ, ಬಸ್ಸಿನಲ್ಲಿದ್ದ ನನಗೂ ಹೊಳೆಯಲಿಲ್ಲ.

ಹನೂರಿನ ಪ್ಲಾಂಟಿನಲ್ಲಿ ಎರಡು ಕೋಣೆ. ಮುಂದಿನದರಲ್ಲಿ ಮೇಜು, ಪ್ರಿಂಟರ್. ಹಿಂದಿನದರಲ್ಲಿ ಪ್ಯಾನೆಲ್ಲು, ಲೈನಿನ ಕರೆಂಟ್ ಕಡಿಯುವ ಬ್ರೇಕರು. ನಾನು ಅಲ್ಲಿಗೆ ತಲುಪಿದಾಗ ಮಧ್ಯಾಹ್ನವಾಗಿತ್ತು. ಅದೇ ಲೈನಿನ ಇನ್ನೊಂದು ಕಂಬದಲ್ಲಿ ಇನ್ನೊಂದು ಕೆಲಸ ಇತ್ತು. ಲೈನ್‌ಮ್ಯಾನೂ ಅವನ ಜೊತೆಗಾರನೂ ಬೇಲಿಯ ನೆರಳಿನಲ್ಲಿ ಚೀಟಿಗಾಗಿ ಕಾಯುತ್ತ ಕೂತಿದ್ದರು. ಕೊಳ್ಳೇಗಾಲದ ಆಪರೇಟರ್ ಯಳಂದೂರಿನ ಯಾವುದೋ ತೊಂದರೆಯಲ್ಲಿ ಮುಳುಗಿದ್ದ.

"ಏನ್ ಮೇಡಂ, ಪ್ರಿಂಟ್ರಿಗೆ ಬೇದಿನಾ, ಮಲಬದ್ಧತೆನಾ?" ಎಂದು ಲೈನ್‌ಮ್ಯಾನ್ ಕೇಳಿದ.

"ಎರಡೂ ಅಲ್ಲ, ಮನೆ ಬದಲಾಯಿಸಿದೆ," ಎಂದೆ.

"ಬಾಡ್ಗೆ ಮನೆ ಕಣ್ಲಾ," ಎಂದು ಅವನು ಜೊತೆಗಾರನಿಗೆ ಹೇಳಿ ನಕ್ಕ.

ನಾನು ಸರ್ವರಿಗೆ ಲಾಗಿನ್ ಆಗಿ, lpadmin ಆದೇಶದಿಂದ ಕ್ಯೂವಿಗೆ ಹೊಸ ವಿಳಾಸ ಕೊಟ್ಟೆ. ಒಂದು ಟೆಸ್ಟ್ ಪೇಜ್ ಕಳಿಸಿದೆ. ಅದು ಸಾಲಿನ ಕೊನೆಗೆ ಹೋಗಿ ನಿಂತಿತು. ಕೊನೆಗೆ cupsenable ಎಂದು ಹೊಡೆದೆ. ನಿಂತ ಕ್ಯೂವನ್ನು ಮತ್ತೆ ನಡೆಸುವ ಆದೇಶ ಅದು, ಅಂದರೆ ಗೇಟು ತೆರೆಯುವುದು. ಹೊಡೆಯುವ ಮೊದಲು ಸಾಲಿನಲ್ಲಿ ಏನೇನಿದೆ ಎಂದು ನಾನು ನೋಡಿದ್ದೆ. ಆರೇಳು ಕೆಲಸಗಳಿದ್ದವು. ಅದೇ ಪ್ರಿಂಟರಿಗೆ ದಿನವೂ ಹೋಗುವ ಬೆಳಗಿನ ವರದಿಗಳು ಅಂದುಕೊಂಡೆ. ನೋಡಿದ್ದು ನಿಜ, ಓದಲಿಲ್ಲ.

ಪ್ರಿಂಟರ್ ಗುರ್ ಎಂದಿತು. ಮೊದಲ ಹಾಳೆ ಬಂತು. ನನ್ನ ಹಿಂದೆ ನಿಂತಿದ್ದ ಹನೂರಿನ ಸೂಪರ್‌ವೈಸರ್ ಅದನ್ನು ಎತ್ತಿಕೊಂಡು ಬಾಗಿಲಿಗೆ ಹೋದ. "ಲೇ, ಬಂತು ಕಣ್ರೋ, ಓಗಿ," ಎಂದದ್ದು ಕೇಳಿಸಿತು. ಬೈಕು ಸ್ಟಾರ್ಟ್ ಆದದ್ದೂ ಕೇಳಿಸಿತು. ನಾನು ಪರದೆಯನ್ನೇ ನೋಡುತ್ತಿದ್ದೆ. ವರದಿಗಳು ಒಂದೊಂದಾಗಿ ಬಂದವು. ಕಡೆಗೆ ನನ್ನ ಟೆಸ್ಟ್ ಪೇಜ್ ಬಂತು, ಸಾಲುಗಳು ನೆಟ್ಟಗೆ, ಕನ್ನಡ ಸ್ಪಷ್ಟ. ಸಂತೋಷವಾಯಿತು. ಎಲ್ಲ ಮುಗಿದಿದೆಯಾ ಎಂದು ಖಾತ್ರಿ ಮಾಡಿಕೊಳ್ಳಲು ಸರ್ವರಿನ ಲಾಗ್ ತೆರೆದೆ.

ಆ ದಿನ ಹನೂರಿಗೆ ಕಳಿಸಿದ್ದ ಅನುಮತಿ ಚೀಟಿ ಒಂದೇ ಒಂದು. ಕಳಿಸಿದ್ದು ಬೆಳಿಗ್ಗೆ. ಮಧ್ಯಾಹ್ನದ ಚೀಟಿ ಇನ್ನೂ ಯಾರೂ ಕಳಿಸಿಯೇ ಇರಲಿಲ್ಲ.

ಅರ್ಥವಾಗಲು ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ನನ್ನ ನೆನಪಿನಲ್ಲಿ ಅದು ಬಹಳ ಉದ್ದವಾಗಿದೆ. ಅದೇ ಲೈನು, ಅದೇ ತಂಡ, ತಲೆಯ ಮೇಲೆ ಈಗಿನ ಗಂಟೆ. ಆ ಕಾಗದವನ್ನು ಅನುಮಾನಿಸಲು ಒಂದು ಕಾರಣವನ್ನೂ ನಾವು ಉಳಿಸಿರಲಿಲ್ಲ.

"ಅವರಿಗೆ ಫೋನ್ ಮಾಡಿ. ಹತ್ತಬೇಡಿ ಅನ್ನಿ. ಅದು ಬೆಳಗಿನ ಚೀಟಿ," ಎಂದೆ.

ಸೂಪರ್‌ವೈಸರ್ ಕಿಟಕಿಯ ಕಡೆ ಕೈ ತೋರಿಸಿದ. ಕಿಟಕಿಯ ಕಟ್ಟೆಯ ಮೇಲಿನ ತಟ್ಟೆಯಲ್ಲಿ ಇಬ್ಬರ ಮೊಬೈಲೂ ಇದ್ದವು. ಕಂಬ ಹತ್ತುವವರು ಫೋನ್ ಇಟ್ಟು ಹೋಗಬೇಕು ಎನ್ನುವುದು ನಿಯಮ. "ಬೆಳಗಿಂದು ಯಂಗಾಯ್ತದೆ ಮೇಡಂ? ಟೈಮ್ ನೋಡ್ದೆ ನಾನು, ಈಗಿಂದೇ ಅದೆ."

"ಆ ಟೈಮು ಪ್ರಿಂಟ್ ಆದ ಟೈಮು. ಲೈನಿನಲ್ಲಿ ಕರೆಂಟ್ ಇದೆ."

ನಾನು ಹಿಂದಿನ ಕೋಣೆಗೆ ಓಡಿದೆ. ಪ್ಯಾನೆಲ್ಲಿನ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಕೆಂಪು ಎಂದರೆ ಕರೆಂಟ್ ಹರಿಯುತ್ತಿದೆ. ಸೂಪರ್‌ವೈಸರ್ ನನ್ನ ಹಿಂದೆಯೇ ಬಂದು ದೀಪ ನೋಡಿದ. ಕೊಳ್ಳೇಗಾಲಕ್ಕೆ ಫೋನ್ ಒತ್ತಿದ. ಕರೆ ಬೇರೆ ಕಡೆ ಇದೆ ಎಂಬ ಧ್ವನಿ ನನಗೂ ಕೇಳಿಸಿತು. ಮತ್ತೆ ಒತ್ತಿದ.

"ಇಲ್ಲೇ ಟ್ರಿಪ್ ಮಾಡಿ," ಎಂದೆ.

"ಕೊಳ್ಳೇಗಾಲ ಕೇಳ್ದೆ ಮಾಡಂಗಿಲ್ಲ ಮೇಡಂ. ಓದ್ಸಲ ಮುಟ್ಟಿದ್ದುಕ್ಕೆ ಮೆಮೋ ಕೊಟ್ಟವ್ರೆ ನಂಗೆ. ಎಲ್ಡ್ ನಿಮ್ಸ ತಾಳಿ."

ಬೈಕಿನಲ್ಲಿ ಅವರ ಹಿಂದೆ ಹೋಗಬಹುದಿತ್ತು. ಪ್ಲಾಂಟಿನ ಆ ತುದಿಗೆ ದಾರಿ ಸುತ್ತು. ಫಲಕಗಳ ಸಾಲುಗಳ ನಡುವೆ ಕೂಗಿದರೆ ಕೇಳಿಸುವುದಿಲ್ಲ. ಇನ್ನೊಂದು ಸಲ ಕೊಳ್ಳೇಗಾಲಕ್ಕೆ ಪ್ರಯತ್ನಿಸಬಹುದಿತ್ತು. ಪ್ಯಾನೆಲ್ಲಿನ ಮೇಲೆ ಗಾಜಿನ ಮುಚ್ಚಳದ ಕೆಳಗೆ ತುರ್ತು ಗುಂಡಿ ಇತ್ತು. ಅಧಿಕೃತ ಸಿಬ್ಬಂದಿಗೆ ಮಾತ್ರ ಎಂದು ಬರೆದಿತ್ತು. ನಾನು ಕಂಪ್ಯೂಟರಿನವಳು. ಆ ಕೋಣೆಯಲ್ಲಿ ನಿಲ್ಲಲೂ ನನಗೆ ಅಧಿಕಾರ ಇರಲಿಲ್ಲ.

ಮುಚ್ಚಳ ಎತ್ತಿ ಒತ್ತಿದೆ.

ಬ್ರೇಕರ್ ಬಿದ್ದ ಸದ್ದು ಎದೆಗೆ ಗುದ್ದಿದಂತೆ ಬಂತು. ಕೆಂಪು ಆರಿ ಹಸಿರು ಹತ್ತಿತು. ಹೊರಗೆ ಸಾಲಾಗಿ ಗುಂಯ್‌ಗುಡುತ್ತಿದ್ದ ಇನ್ವರ್ಟರುಗಳ ಫ್ಯಾನುಗಳು ಒಂದೊಂದಾಗಿ ನಿಂತವು. ಆ ಪ್ಲಾಂಟಿನಲ್ಲಿ ಹಗಲಿನಲ್ಲಿ ಅಂಥ ನಿಶ್ಶಬ್ದವನ್ನು ನಾನು ಕೇಳಿರಲಿಲ್ಲ. ಬೇಲಿಯಾಚೆ ಯಾರದೋ ಹೊಲದಲ್ಲಿ ಎಮ್ಮೆಯೊಂದು ಕೂಗಿದ್ದು ಕೇಳಿಸಿತು.

ಸೂಪರ್‌ವೈಸರ್ ನನ್ನನ್ನು ತನ್ನ ಬೈಕಿನ ಹಿಂದೆ ಕೂರಿಸಿಕೊಂಡು ಓಡಿಸಿದ. ಕಂಬ ಕಾಣಿಸಿದಾಗ ಲೈನ್‌ಮ್ಯಾನ್ ಮೇಲಿದ್ದ. ಬೆಲ್ಟು ಕಟ್ಟಿಕೊಂಡು, ಬಲಗೈಯಲ್ಲಿ ತಂತಿಯನ್ನು ನೆಲಕ್ಕೆ ಜೋಡಿಸುವ ಅರ್ತಿಂಗ್ ರಾಡು ಹಿಡಿದು, ಅದರ ಕೊಕ್ಕೆಯನ್ನು ತಂತಿಗೆ ಸಿಕ್ಕಿಸಲು ಎತ್ತುತ್ತಿದ್ದ. ಕೊಕ್ಕೆಗೂ ತಂತಿಗೂ ನಡುವೆ ಎಷ್ಟು ಅಂತರವಿತ್ತು ಎಂದು ಆಮೇಲೆ ಬಹಳ ಜನ ಕೇಳಿದರು. ನಾನು ಹೇಳಿಲ್ಲ. ಪ್ರತಿ ಸಲ ನೆನೆದಾಗಲೂ ಅದು ಬೇರೆ ಬೇರೆಯಾಗಿ ಕಾಣುತ್ತದೆ.

"ಇಳಿಲೇ, ಇಳಿಯಲೇ ಕೆಳಿಕ್ಕೆ," ಎಂದ ಸೂಪರ್‌ವೈಸರ್. ಧ್ವನಿ ಒಡೆದಿತ್ತು.

"ಯಾಕ್ ಸಾ? ಚೀಟಿ ಅದೆಯಲ್ಲ ಜೋಬಲ್ಲಿ."

ಇಳಿದು ಬಂದ ಮೇಲೆ ವಿಷಯ ಹೇಳಿದೆ. ಅವನು ಜೇಬಿನಿಂದ ಚೀಟಿ ತೆಗೆದು ಬಿಡಿಸಿ ಗಂಟೆ ನೋಡಿದ. ಜೊತೆಗಾರನಿಗೆ ತೋರಿಸಿದ. ಮತ್ತೆ ಮಡಚಿದ. ಕಡ್ಡಿ ಯಾಕೆ ತರಲಿಲ್ಲ ಎಂದು ಸೂಪರ್‌ವೈಸರ್ ಬೈಯುವಂತೆ ಕೇಳಿದಾಗ ಅವನು ಹೇಳಿದ: "ಬಾಯ್ಮಾತ್ಗೆ ಕಡ್ಡಿ ಇಡೀತಿದ್ದೆ ಸಾ. ಮನ್ಸ ಮರೀತಾನೆ, ಅದ್ಕೆ. ಮಿಷಿನ್ನು ಬರ್ಕೊಟ್ಟುದ್ ಮೇಲೆ ಇನ್ಯಾಕೆ ಅಂತಿದ್ದೆ."

ಆ ಮಾತನ್ನು ನಾನು ಈಗಲೂ ಯೋಚಿಸುತ್ತೇನೆ. ಮನುಷ್ಯನ ಮಾತಿನ ಮೇಲೆ ಅವನಿಗಿದ್ದ ಅನುಮಾನ ಅವನನ್ನು ಇಷ್ಟು ವರ್ಷ ಕಾಪಾಡಿತ್ತು. ಬೆಳಿಗ್ಗೆಯೂ ಅದೇ ಅನುಮಾನ ಅವನ ಕೈಗೆ ಕಡ್ಡಿ ಕೊಟ್ಟಿತ್ತು. ನಾವು ಅನುಮಾನವನ್ನು ತೆಗೆದು ಅದರ ಜಾಗದಲ್ಲಿ ಕಾಗದ ಇಟ್ಟಿದ್ದೆವು.

ಮರುದಿನ ಕೊಳ್ಳೇಗಾಲದಲ್ಲಿ ಸಭೆ. ಗುಂಡಿ ಒತ್ತಿದ್ದಕ್ಕೆ ನನಗೆ ಯಾರೂ ಏನೂ ಹೇಳಲಿಲ್ಲ. ಆಪರೇಟರ್ ಗೋಡೆ ನೋಡುತ್ತ ಕೂತಿದ್ದ. ಚೀಟಿಯ ಮೇಲೆ ಕಳಿಸಿದ ಗಂಟೆಯನ್ನು ಹಾಕಿಬಿಟ್ಟರೆ ಆಯಿತು, ಮುಗಿಸಿ ಎಂದರು ಮ್ಯಾನೇಜರ್. ಅದನ್ನು ನಾನು ಹಿಂದಿನ ಸಂಜೆಯೇ ಬದಲಿಸಿದ್ದೆ. ಅಷ್ಟು ಸಾಲದು ಎಂದೆ.

"ಕ್ಯೂ ಇರೋದೇ ಕಾಯೋಕೆ ಅಲ್ವೇನಮ್ಮ? ನೀವೇ ಹೇಳಿದ್ದು, ಕಳಿಸಿದ್ದು ಕಳೆದುಹೋಗಲ್ಲ ಅಂತ."

"ಕಬ್ಬು ಸಾಲಲ್ಲಿ ನಿಂತರೆ ಒಣಗುತ್ತೆ ಸರ್. ನೋಡಿದರೆ ಗೊತ್ತಾಗುತ್ತೆ. ಅನುಮತಿ ಒಣಗಿದರೆ ಕಾಣೋದಿಲ್ಲ. ವರದಿ ಕಾಯಲಿ. ಚೀಟಿ ಕಾಯಬಾರದು. ಒತ್ತಿದ ಕೂಡಲೇ ಬೀಳದಿದ್ದರೆ ಅದು ಸಾಯಬೇಕು."

ಅಪರೂಪಕ್ಕೆ ಅವರು ಒಪ್ಪಿದರು. ಮುಂದಿನ ವಾರವೆಲ್ಲ ಅದೇ ಕೆಲಸ. ಒಂದೇ ಪ್ರಿಂಟರಿಗೆ ಎರಡು ಕ್ಯೂ ಮಾಡಿದೆ, ವರದಿಗೆ ಬೇರೆ, ಚೀಟಿಗೆ ಬೇರೆ. ಪ್ರಿಂಟರ್ ಸಿಗದಿದ್ದರೆ ಕ್ಯೂವನ್ನು ನಿಲ್ಲಿಸು ಎಂದು ಮೊದಲಿದ್ದ ಸೂಚನೆಯನ್ನು ಚೀಟಿಯ ಕ್ಯೂವಿನಲ್ಲಿ ಬದಲಿಸಿದೆ: ಸಿಗದಿದ್ದರೆ ಆ ಕೆಲಸವನ್ನೇ ರದ್ದು ಮಾಡು, ಆಪರೇಟರನ ಪರದೆಯ ಮೇಲೆ ಕೆಂಪಗೆ ತೋರಿಸು. ಹೇಗೋ ಉಳಿದುಕೊಂಡ ಹಳೆಯ ಚೀಟಿ ಇದ್ದರೆ ಹುಡುಕಿ ಅಳಿಸುವ ಇನ್ನೊಂದು ಸ್ಕ್ರಿಪ್ಟನ್ನೂ ಇಟ್ಟೆ. ಯಳಂದೂರಿನಲ್ಲಿ ಪರೀಕ್ಷೆ ಮಾಡಿದೆ. ಕೇಬಲ್ ಕಿತ್ತು ಚೀಟಿ ಒತ್ತಿದರೆ ರದ್ದಾಯಿತು. ಕಾಗದ ತೆಗೆದು ಒತ್ತಿದೆ. ಸರ್ವರಿನ ಪ್ರಕಾರ ಚೀಟಿ ಸರಿಯಾಗಿ ಮುದ್ರಣವಾಗಿತ್ತು. ಪ್ರಿಂಟರಿನಿಂದ ಮಾತ್ರ ಏನೂ ಬಂದಿರಲಿಲ್ಲ. ಊಟ ಮುಗಿಸಿ ಬಂದು ಕಾಗದ ತುಂಬಿದೆ. ತಕ್ಷಣ ಚೀಟಿ ಹೊರಗೆ ಬಂತು.

ಪ್ರಿಂಟರಿಗೆ ತನ್ನದೇ ನೆನಪಿನ ಶಕ್ತಿ ಇದೆ. ಸರ್ವರ್ ಕೊಟ್ಟದ್ದನ್ನು ಅದು ಹೊಟ್ಟೆಯಲ್ಲಿ ಇಟ್ಟುಕೊಂಡಿತ್ತು. ಅಲ್ಲಿಗೆ ನನ್ನ ಕೈ ಹೋಗುವುದಿಲ್ಲ. ನಾನು ಎಷ್ಟು ಬರೆದರೂ ಎಲ್ಲೋ ಒಂದು ಚೀಟಿ ಉಳಿದೇ ಉಳಿಯುತ್ತದೆ ಎಂದು ಅಲ್ಲಿ ಖಚಿತವಾಯಿತು. ಹಾಗಾಗಿ ಕೊನೆಯ ಹಂತವನ್ನು ಸರ್ವರಿನಿಂದ ಹೊರಗೆ ತಂದೆ. ಚೀಟಿಯ ಮೇಲಿನ ಪದಗಳನ್ನು ಬದಲಿಸಿದೆ. 'ಕೆಲಸ ಶುರು ಮಾಡಬಹುದು' ಎಂಬುದು ಹೋಗಿ, 'ಈ ಚೀಟಿ ಅನುಮತಿಯಲ್ಲ. ಫೋನ್ ಮಾಡಿ ಕೇಳಿ' ಎಂದಾಯಿತು. ಹೊರಡುವ ಮೊದಲು ಕಂಬ ಹತ್ತುವವನೇ ಕೊಳ್ಳೇಗಾಲಕ್ಕೆ ಮಾತಾಡಿ ಚೀಟಿಯ ಸಂಖ್ಯೆ ಓದಬೇಕು, ಆಪರೇಟರ್ ತನ್ನ ಪರದೆಯಲ್ಲಿ ನೋಡಿ ಹೌದು ಎನ್ನಬೇಕು, ಸೂಪರ್‌ವೈಸರ್ ಪ್ಯಾನೆಲ್ಲಿನ ದೀಪ ನೋಡಬೇಕು, ಹತ್ತುವ ಮೊದಲು ತಂತಿಗೆ ಕಡ್ಡಿ ಹಿಡಿಯಬೇಕು. ನಿಲ್ಲಿಸಲು ಹೊರಟಿದ್ದ ಕೂಗಾಟವನ್ನು ನಾನೇ ವಾಪಸು ತಂದೆ. ಮ್ಯಾನೇಜರ್ ಈ ಹೊಸ ನಿಯಮಗಳ ಪುಟಕ್ಕೆ ಸಹಿ ಹಾಕಿದರು.

ಹನೂರಿನಲ್ಲಿ ಎಲ್ಲವನ್ನೂ ಹಾಕಿ ಮುಗಿಸಿದ ದಿನ ಲೈನ್‌ಮ್ಯಾನ್, "ನಮ್ಮಟ್ಟೀಲಿ ಉಂಡ್ಕಂಡು ಓಗಿ ಮೇಡಂ," ಎಂದು ಬಿಡದೆ ಕರೆದುಕೊಂಡು ಹೋದ. ಬೈಕಿನಲ್ಲಿ ಹೋಗುವಾಗ ಹಿಂತಿರುಗದೆಯೇ, "ಅವತ್ತಿಂದು ಮನೇಲಿ ಏಳಿಲ್ಲ ಕಣ್ರಿ," ಎಂದ. ನಾನು ಹೂಂ ಎಂದೆ.

ಅವನ ಹೆಂಡತಿ ಹುರುಳಿ ಸಾರು ಮಾಡಿದ್ದಳು. ಅವನು ನನ್ನ ಎದುರು ಕೂತು ಮುದ್ದೆ ಮುರಿಯುತ್ತಿದ್ದ. ನಾನು ಅವನ ಬಲಗೈಯನ್ನೇ ನೋಡುತ್ತಿದ್ದೇನೆ ಎಂದು ಗೊತ್ತಾಗಿ ಕಣ್ಣು ತಗ್ಗಿಸಿದೆ.

"ಮಿಷಿನ್ ಸರಿ ಮಾಡಕ್ಕೆ ಬಂದಿದ್ರಂತೆ. ಸರಿ ಓಯ್ತಾ?" ಎಂದು ಅವಳು ಕೇಳಿದಳು.

"ಸರಿ ಹೋಯ್ತು."

"ಇನ್ನೇನ್ ಬುಡಿ. ಬಿರ್‌ಬಿರ್ನೆ ಚೀಟಿ ಬಂದ್ಬುಡ್ತದೆ. ಇವ್ರೂ ಬಿರ್ನೆ ಮನೆ ಸೇರ್ಕತಾರೆ."

ಅವನು ತಲೆ ಎತ್ತದೆ ಹೇಳಿದ: "ಇಲ್ಲ ಕಣೆ. ಮೊದ್ಲಿಗಿಂತ ತಡ ಆಯ್ತದೆ."

"ಸರಿ ಮಾಡುದ್ ಮೇಲೂ ತಡ ಆಯ್ತದಾ? ಇದ್ಯಾವ್ ಸೀಮೆ ರಿಪೇರಿ ಮಾಡವ್ರೆ ಇವ್ರು?"

"ಅದು ಅಂಗೇಯ. ನಾಳಿಂದ ಬುತ್ತಿಗೆ ಇನ್ನೊಂದ್ ಮುದ್ದೆ ಮಡಗು."

ಅವಳು ನನ್ನ ಕಡೆ ತಿರುಗಿದಳು. ನಾನು ಹೌದು ಎಂದು ತಲೆಯಾಡಿಸಿದೆ.